ಪ್ರಾಡಾ ಮೆಟ್ಟಿದ ಕೆರ

2025ರ ಜೂನ್ ತಿಂಗಳ ಕೊನೆ. ಹುಣಸೂರು ಬಸ್ ನಿಲ್ದಾಣದ ಹೊರಗೆ ಚಪ್ಪಲಿ ಹೊಲಿಯುತ್ತ ಕೂರುವ ಹಿರಿಯರೊಬ್ಬರ ಮುಂದೆ ನಿಂತಿದ್ದೆ. ನಮ್ಮ ಕಟ್ಟೆಮಳಲವಾಡಿ ಕಡೆಯವರೇ. ಕಿತ್ತುಹೋದ ಉಂಗುಟ ಹಾಕಿಸಿಕೊಳ್ಳುವ ತನಕ ಮಾಡಲು ಬೇರೆ ಕೆಲಸವಿರಲಿಲ್ಲವಾದ್ದರಿಂದ ಮೊಬೈಲಿನಲ್ಲಿ ಬಂದಿದ್ದ ಒಂದು ಚಿತ್ರವನ್ನು ಅವರಿಗೆ ತೋರಿಸಿದೆ. ಇಟಲಿಯ ಮಿಲಾನ್ ನಗರದ ಫ್ಯಾಶನ್ ಪ್ರದರ್ಶನದಲ್ಲಿ ನಡೆದು ಬರುತ್ತಿದ್ದ ತರುಣನೊಬ್ಬನ ಕಾಲಿನ ಚಿತ್ರ. ಕಾಲಲ್ಲಿ ಚಪ್ಪಟೆ ಅಟ್ಟೆಯ, ಅಗಲ ಪಟ್ಟಿಯ, ಹೆಬ್ಬೆರಳಿಗೆ ಉಂಗುಟವಿದ್ದ ತೊಗಲಿನ ಚಪ್ಪಲಿ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. 'ಇದು ಕೊಲ್ಲಾಪುರದ್ದಲ್ವಾ ಮೇಷ್ಟ್ರೆ' ಎಂದರು.

'ಅಲ್ಲ ತಾತ, ಇಟಲಿ ಕಂಪೆನಿಯದ್ದಂತೆ. ಒಂದು ಲಕ್ಷದ ಇಪ್ಪತ್ತು ಸಾವಿರ ಬೆಲೆ ಅಂತ ಪೇಪರ್‌ನಲ್ಲಿ ಬರ್ದವ್ರೆ.'

ಅವರು ಬೆಚ್ಚಿಬೀಳಲಿಲ್ಲ, ನಗಲೂ ಇಲ್ಲ. ದಾರಕ್ಕೆ ಮೇಣ ಉಜ್ಜುತ್ತ, 'ಅದ್ರಲ್ಲಿ ಹೊಲ್ದೋನ್ಗೆ ಎಷ್ಟು?' ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಆ ಚಪ್ಪಲಿಯನ್ನು ವೇದಿಕೆಗೆ ತಂದ ಮಿಯುಚಾ ಪ್ರಾಡಾ ಎಂಬ ವಿನ್ಯಾಸಕಿಯ ಬದುಕನ್ನು ಓದಲು ತೊಡಗಿದ್ದು ಈ ಪ್ರಶ್ನೆಯ ಕಾರಣಕ್ಕೆ. ಓದುತ್ತ ಹೋದಂತೆ ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ನಾನಂದುಕೊಂಡಷ್ಟು ಸುಲಭವಲ್ಲ ಎನ್ನಿಸಿತು.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. 2025ರ ಜೂನ್ 22ರಂದು ಪ್ರಾಡಾ ಕಂಪೆನಿ ಮುಂದಿನ ಬೇಸಿಗೆಗೆಂದು ತಯಾರಿಸಿದ ಗಂಡಸರ ಉಡುಪುಗಳನ್ನು ಮಿಲಾನಿನಲ್ಲಿ ಪ್ರದರ್ಶಿಸಿತು. ಒಟ್ಟು 56 ಉಡುಪುಗಳಲ್ಲಿ ಕನಿಷ್ಠ ಏಳರ ಜೊತೆ ಈ ಚಪ್ಪಲಿ ಇತ್ತು. ಕಂಪೆನಿ ಅದನ್ನು 'ಚರ್ಮದ ಸ್ಯಾಂಡಲ್' ಎಂದಷ್ಟೇ ಕರೆಯಿತು. ಕೊಲ್ಲಾಪುರದ ಹೆಸರಿಲ್ಲ, ಭಾರತದ ಹೆಸರೂ ಇಲ್ಲ. ಇಲ್ಲಿ ಗದ್ದಲವೆದ್ದಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆಯಿತು. ಮಿಯುಚಾ ಅವರ ಮಗ ಲೊರೆಂಜೊ ಬರ್ಟೆಲಿ ಅದಕ್ಕೆ ಉತ್ತರ ಬರೆದು, ಶತಮಾನಗಳ ಪರಂಪರೆಯುಳ್ಳ ಭಾರತದ ಕೈಕಸುಬಿನ ಪಾದರಕ್ಷೆಗಳಿಂದ ಪ್ರೇರಣೆ ಪಡೆದದ್ದು ನಿಜವೆಂದು ಒಪ್ಪಿಕೊಂಡರು. ಮಾರಾಟಕ್ಕೆ ತಯಾರಿಸುವುದು ಇನ್ನೂ ನಿರ್ಧಾರವಾಗಿಲ್ಲ ಎಂದೂ ತಿಳಿಸಿದರು. ಜುಲೈನಲ್ಲಿ ಕಂಪೆನಿಯ ತಂಡ ಕೊಲ್ಲಾಪುರಕ್ಕೆ ಬಂದುಹೋಯಿತು. ವಕೀಲರು ಕೆಲವರು ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ಚಪ್ಪಲಿಯ ಹೆಸರಿನ ಹಕ್ಕುದಾರರು ನೀವಲ್ಲ ಎಂದು ನ್ಯಾಯಾಲಯ ಅದನ್ನು ಅದೇ ತಿಂಗಳು ತಳ್ಳಿಹಾಕಿತು.

ಇನ್ನು ಆಕೆಯ ಮಾತು.

ಮಿಯುಚಾ 1949ರಲ್ಲಿ ಮಿಲಾನಿನಲ್ಲಿ ಹುಟ್ಟಿದರು. ಹುಟ್ಟಿದಾಗಿನ ಹೆಸರು ಮರಿಯಾ ಬಿಯಾಂಕಿ. ತಾಯಿಯ ತಂದೆ ಮಾರಿಯೊ ಪ್ರಾಡಾ ತನ್ನ ಸಹೋದರನ ಜೊತೆ 1913ರಲ್ಲಿ ಮಿಲಾನಿನ ಹೆಸರಾಂತ ಅಂಗಡಿ ಸಾಲಿನಲ್ಲಿ ಚರ್ಮದ ಪೆಟ್ಟಿಗೆ, ಚೀಲಗಳ ಮಳಿಗೆ ತೆರೆದಿದ್ದರು. 1919ರಲ್ಲಿ ಅದು ಇಟಲಿಯ ರಾಜಮನೆತನಕ್ಕೆ ಸರಬರಾಜು ಮಾಡುವ ಅಂಗಡಿಯಾಯಿತು. ಅರಮನೆಗೆ ಸಾಮಾನು ಒಪ್ಪಿಸಿದ ಹೆಮ್ಮೆ ಪ್ರಾಡಾ ಮುದ್ರೆಯಲ್ಲಿ ಇವತ್ತಿಗೂ ಉಳಿದಿದೆ. ಅಜ್ಜನಿಗೆ ಹೆಣ್ಣುಮಕ್ಕಳು ವ್ಯಾಪಾರಕ್ಕೆ ಬರುವುದು ಇಷ್ಟವಿರಲಿಲ್ಲ. ಆದರೆ ಗಂಡುಮಗ ಆಸಕ್ತಿ ತೋರಲಿಲ್ಲ. ಕೊನೆಗೆ ಆ ಅಂಗಡಿಯನ್ನು ಸುಮಾರು ಇಪ್ಪತ್ತು ವರ್ಷ ನಡೆಸಿದ್ದು ಮಗಳು ಲುಯಿಸಾ. ಆಮೇಲೆ ಕೈಗೆತ್ತಿಕೊಂಡದ್ದು ಮೊಮ್ಮಗಳು.

ಈ ಮೊಮ್ಮಗಳು ಅಂಗಡಿಗೆ ಬರುವ ಮೊದಲು ಓದಿದ್ದು ರಾಜ್ಯಶಾಸ್ತ್ರ. 1970ರ ದಶಕದ ಇಟಲಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯೆ. ಮಹಿಳಾ ಹಕ್ಕುಗಳ ಹೋರಾಟದಲ್ಲಿ ಇದ್ದವರು. ಪಿಕೊಲೊ ಟಿಯಾಟ್ರೊ ಎಂಬ ರಂಗಶಾಲೆಯಲ್ಲಿ ಐದು ವರ್ಷ ಮೂಕಾಭಿನಯ ಕಲಿತು ಆಡಿದವರು. ಮೆರವಣಿಗೆಗೆ ಹೋಗುವಾಗಲೂ ದುಬಾರಿ ಉಡುಪು ತೊಟ್ಟೇ ಹೋಗುತ್ತಿದ್ದರೆಂಬ ಮಾತಿದೆ. ಎಡಪಂಥೀಯಳಾಗಿ ಚೀಲ ಮಾರುವುದು ಮುಜುಗರದ ಕೆಲಸವಾಗಿತ್ತು ಎಂದು ಆಕೆಯೇ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಈ ಮುಜುಗರವನ್ನು ನಾನು ನಾಟಕ ಎಂದು ತಳ್ಳಿಹಾಕಲಾರೆ. ನಮ್ಮಲ್ಲೂ ಸಮಾಜವಾದದ ಭಾಷಣ ಮಾಡಿ ಮನೆಗೆ ಬಂದು ಅಪ್ಪನ ತಂಬಾಕು ಬ್ಯಾರನ್ನಿನ ಲೆಕ್ಕ ನೋಡಿದವರನ್ನು ಹುಣಸೂರು, ಪಿರಿಯಾಪಟ್ಟಣದ ಕಡೆ ನಾನು ಬಲ್ಲೆ. ಅವರು ಕಪಟಿಗಳಲ್ಲ. ಎರಡು ಮನೆಗಳ ನಡುವೆ ಓಡಾಡುವವರು.

ಇನ್ನೊಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಿಯುಚಾ ಬಿಯಾಂಕಿ ಎಂಬಾಕೆ ಕಾನೂನಿನ ಪ್ರಕಾರ 'ಪ್ರಾಡಾ' ಆದದ್ದು ದೊಡ್ಡವರಾದ ಮೇಲೆ, 1980ರ ದಶಕದಲ್ಲಿ. ಮದುವೆಯಾಗದೆ ಉಳಿದಿದ್ದ ತಾಯಿಯ ಸಹೋದರಿ ಆಕೆಯನ್ನು ದತ್ತು ತೆಗೆದುಕೊಂಡರು. ಹೆಸರು ಕೈಬಿಟ್ಟುಹೋಗಬಾರದೆಂದು ಇಷ್ಟು ಮಾಡಿದರು. ಅಂಗಡಿಯ ಹಲಗೆಯ ಮೇಲೆ ಇರುವುದೂ ತನ್ನ ಹೆಸರಿನಲ್ಲಿ ಇರುವುದೂ ಒಂದೇ ಆಗಿರಬೇಕು ಎಂಬುದರ ಬೆಲೆ ಈ ಹೆಂಗಸಿಗೆ ಚೆನ್ನಾಗಿ ಗೊತ್ತಿತ್ತು.

ಆಕೆಯ ಗಂಡ ಪ್ಯಾಟ್ರಿಜಿಯೊ ಬರ್ಟೆಲಿ ಟಸ್ಕನಿಯ ಚರ್ಮೋದ್ಯಮಿ. 1970ರ ದಶಕದ ಕೊನೆಯಲ್ಲಿ ಪರಿಚಯ, 1987ರಲ್ಲಿ ಮದುವೆ. ವ್ಯವಹಾರ ಆತನದು, ಕಲ್ಪನೆ ಆಕೆಯದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಿಯುಚಾ ಹೊಲಿಗೆ ಕಲಿತವರಲ್ಲ, ಚಿತ್ರ ಬಿಡಿಸಲು ತರಬೇತಿ ಪಡೆದವರಲ್ಲ. ಆಕೆಗೆ ಹೆಸರು ತಂದದ್ದು ಕಪ್ಪು ನೈಲಾನಿನ ಬೆನ್ನುಚೀಲ. 1980ರ ದಶಕದ ನಡುವೆ ಬಂದದ್ದು. ಸೈನ್ಯದ ಸಾಮಾನಿಗೆ ಬಳಸುವ ಜಾತಿಯ ಗಟ್ಟಿ ನೈಲಾನ್ ಬಟ್ಟೆ, ಆ ಕಂಪೆನಿಯಲ್ಲೇ ಪೆಟ್ಟಿಗೆಗಳ ಮೇಲುಹೊದಿಕೆಯಾಗಿ ಬಳಕೆಯಲ್ಲಿತ್ತು. ಪೆಟ್ಟಿಗೆಯ ಮೇಲಿನ ಧೂಳು ತಡೆಯುವ ಬಟ್ಟೆಯನ್ನೇ ಆಕೆ ಸಾವಿರಾರು ರೂಪಾಯಿಯ ಚೀಲ ಮಾಡಿದರು. ಚಿನ್ನದ ಕೊಂಡಿ, ಮೊಸಳೆ ಚರ್ಮ ಇವೇ ಸಿರಿವಂತಿಕೆಯ ಗುರುತಾಗಿದ್ದ ಕಾಲದಲ್ಲಿ ಇದು ನಿಜಕ್ಕೂ ತಲೆಕೆಳಗಿನ ಕೆಲಸ.

1988ರಲ್ಲಿ ಹೆಂಗಸರ ಉಡುಪು. 1990ರ ದಶಕದ ಆರಂಭದಲ್ಲಿ ಮಿಯು ಮಿಯು ಎಂಬ ಎರಡನೆಯ ಮಳಿಗೆ. 1996ರ ಬೇಸಿಗೆಗೆ ಆಕೆ ತಂದ ಉಡುಪುಗಳು ಕೆಸರುಕಂದು, ಮಾಸಲು ಹಸಿರು, ಅಡುಗೆಮನೆಯ ಕಪಾಟಿನ ಹಲಗೆಯ ಮೇಲಿರುವಂಥ ಚೌಕುಳಿ ನಮೂನೆಯವು. ನೋಡಿದವರು ಮೊದಲು ಇದು ಕುರೂಪ ಎಂದರು. ಆಮೇಲೆ ಕೊಂಡರು. ಆಕೆಯ ಇಡೀ ವೃತ್ತಿಜೀವನದ ವಿಧಾನ ಇಲ್ಲಿದೆ. ಎಲ್ಲರೂ ಕೀಳೆಂದು, ಸಾಧಾರಣವೆಂದು ಬದಿಗೆ ಸರಿಸಿದ್ದನ್ನು ಎತ್ತಿಕೊಳ್ಳುವುದು. ಕೆಲಸಗಾರನ ಸಮವಸ್ತ್ರ, ದಾದಿಯ ಅಂಗಿ, ಗೃಹಿಣಿಯ ಮೇಲಂಗಿ, ಶಾಲಾ ಹುಡುಗಿಯ ಲಂಗ.

ಇನ್ನೊಂದನ್ನು ಒಪ್ಪಿಕೊಳ್ಳಲೇಬೇಕು. ಹೆಣ್ಣಿನ ಮೈಯನ್ನು ಗಂಡಸಿನ ಕಣ್ಣಿಗೆ ಬಡಿಸುವುದೇ ಫ್ಯಾಶನ್ ಎಂದುಕೊಂಡಿದ್ದ ಉದ್ಯಮದಲ್ಲಿ ಮಿಯುಚಾ ಅದನ್ನು ಮಾಡಲಿಲ್ಲ. ಮೊಣಕಾಲು ಮುಚ್ಚುವ ಲಂಗ, ಕತ್ತಿನವರೆಗೆ ಗುಂಡಿ, ದಪ್ಪ ಕಾಲುಚೀಲ. ಮೈ ಮುಚ್ಚಿಕೊಂಡ ಹೆಣ್ಣಿಗೂ ಬುದ್ಧಿ, ಆಸೆ, ಹಟ ಎಲ್ಲವೂ ಇರುತ್ತದೆ ಎಂಬುದನ್ನು ಪಶ್ಚಿಮದ ಮಾರುಕಟ್ಟೆಯಲ್ಲಿ ಬಟ್ಟೆಯ ಮೂಲಕ ಹೇಳಿದ ವಿನ್ಯಾಸಕಿ. ಮೈ ಮುಚ್ಚುವುದೆಂದರೆ ಬುದ್ಧಿ ಮುಚ್ಚುವುದು ಎಂದು ನಮ್ಮ ಹೆಣ್ಣುಮಕ್ಕಳಿಗೆ ಪಾಠ ಹೇಳುವವರು, ಹಾಗೆಯೇ ಮೈ ಮುಚ್ಚಿದರೆ ಸಾಕು ಬುದ್ಧಿ ಬೇಡ ಎನ್ನುವ ನಮ್ಮೊಳಗಿನವರು, ಇಬ್ಬರೂ ಆಕೆಯ ಕೆಲಸವನ್ನು ಒಮ್ಮೆ ನೋಡಬಹುದು.

ಹೀಗೆ ಕೀಳಾದದ್ದನ್ನು ಎತ್ತಿ ಮೇಲಿಡುವ ಕಲೆ ಈಕೆಯದು. ಹಾಗಾದರೆ ನಮ್ಮ ಚಪ್ಪಲಿಯ ವಿಷಯದಲ್ಲಿ ಏನು ತಪ್ಪಾಯಿತು?

ನೈಲಾನ್ ಬಟ್ಟೆಗೆ ಊರಿಲ್ಲ, ಕುಲವಿಲ್ಲ. ಅದನ್ನು ಎತ್ತಿಕೊಂಡರೆ ಯಾರಿಗೂ ನೋವಾಗುವುದಿಲ್ಲ. ಅಡುಗೆಮನೆ ಹಲಗೆಯ ನಮೂನೆ ಯಾವ ಜನರ ಬೆವರಿನದೂ ಅಲ್ಲ. ಆದರೆ ಕೊಲ್ಲಾಪುರಿ ಚಪ್ಪಲಿ ಅಂಥದ್ದಲ್ಲ. ಅದನ್ನು ಮಾಡುವವರಿಗೆ ಒಂದು ಜಾತಿಯಿದೆ, ಕೇರಿಯಿದೆ. ತಲೆಮಾರುಗಳಿಂದ ಊರ ಹೊರಗೆ ಇಟ್ಟ ನೆನಪಿದೆ. ಪ್ರಾಡಾಳ ಕಣ್ಣಿಗೆ ಎರಡೂ ಒಂದೇ ಆಗಿ ಕಂಡವು, ಕಪಾಟಿನ ಹಲಗೆಯೂ ಸಮಗಾರನ ಕೆಲಸವೂ. ಆಕೆಯ ಕಲೆಯ ಬಲವೇ ಇಲ್ಲಿ ಅದರ ದೋಷವಾಯಿತು ಎಂಬುದು ನನ್ನ ತಿಳಿವಳಿಕೆ.

ಈ ಚಪ್ಪಲಿಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತೊಗಲನ್ನು ರಾಸಾಯನಿಕದಿಂದಲ್ಲ, ಅಳಲೆಕಾಯಿ, ಕರಿಜಾಲಿ ತೊಗಟೆಗಳ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ ಹದ ಮಾಡುತ್ತಾರೆ. ಅಟ್ಟೆಗೆ ಎಮ್ಮೆಯ ದಪ್ಪ ತೊಗಲು, ಮೇಲುಪಟ್ಟಿಗೆ ತೆಳುವಾದದ್ದು. ಮೊಳೆ ಹೊಡೆಯುವುದಿಲ್ಲ. ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಸಾಮಾನ್ಯವಾಗಿ ಕತ್ತರಿಸುವುದು, ಅಟ್ಟೆ ಕೂಡಿಸುವುದು ಗಂಡಸರ ಪಾಲು. ಮೇಲುಪಟ್ಟಿಯ ಜಡೆ ಹೆಣೆಯುವುದು, ಅಂದ ಕೂಡಿಸುವುದು ಹೆಂಗಸರ ಪಾಲು. ಹೊಸದರಲ್ಲಿ ಕಾಲು ಕಚ್ಚುತ್ತದೆ. ಎಣ್ಣೆ ಹಚ್ಚಿ ಒಂದೆರಡು ವಾರ ಮೆಟ್ಟಿದರೆ ಮೆಟ್ಟಿದವನ ಪಾದದ ಅಚ್ಚು ಅಟ್ಟೆಯ ಮೇಲೆ ಮೂಡಿ, ಆಮೇಲೆ ಇನ್ನೊಬ್ಬರ ಕಾಲಿಗೆ ಒಗ್ಗದು. ಕರ್ ಕರ್ ಎಂದು ಸದ್ದು ಮಾಡುವ ಜೋಡಿಗೆ ಉತ್ತರ ಕರ್ನಾಟಕದ ಗೌಡರ ಮನೆಗಳಲ್ಲಿ ಬೇರೆಯೇ ಗತ್ತು. ಆ ಸದ್ದು ಕೇಳಿ ಎದ್ದು ನಿಲ್ಲಬೇಕಾದವರಲ್ಲಿ ಆ ಚಪ್ಪಲಿ ಹೊಲಿದವನೂ ಇರುತ್ತಿದ್ದ.

ಕನ್ನಡಿಗರಿಗೆ ಚಪ್ಪಲಿ ಎಂದರೆ ಹರಳಯ್ಯನ ನೆನಪು ಬರದಿರದು. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬುದು ಜನ ನಂಬಿದ ಕಥೆ. ಬಸವಣ್ಣ ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡನಂತೆ. ಆಮೇಲೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಆ ಕಾರಣಕ್ಕೆ ಇಬ್ಬರು ತಂದೆಯರನ್ನೂ ಕ್ರೂರವಾಗಿ ಕೊಂದರು. ಕಥೆಯೋ ಚರಿತ್ರೆಯೋ, ಅದರಲ್ಲಿ ಚಪ್ಪಲಿ ಮಾಡಿದವನಿಗೆ ಒಂದು ಹೆಸರಿದೆ, ಅವನ ಹೆಂಡತಿಗೂ ಹೆಸರಿದೆ. ನಮ್ಮ ಪರಂಪರೆಯಲ್ಲಿ ಇದು ಎಷ್ಟು ಅಪರೂಪದ ಸಂಗತಿ ಎಂಬುದನ್ನು ಬೇರೆ ಯಾವುದಾದರೂ ಮೆಟ್ಟು, ಕಂಬಳಿ, ಮಡಕೆಯ ಕತೆ ಹುಡುಕಿ ನೋಡಿದರೆ ತಿಳಿಯುತ್ತದೆ.

ಈಗ ಕಾನೂನಿನ ವಿಷಯ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಬಹಳ ಜನಕ್ಕೆ ಇದು ಮಹಾರಾಷ್ಟ್ರದ್ದೆಂಬ ಭಾವನೆ. ನಿಜವೆಂದರೆ ಹಕ್ಕು ಎರಡು ರಾಜ್ಯಗಳದ್ದು. ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಆ ಕಡೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಈ ಕಡೆ. ಹಕ್ಕುದಾರರೂ ಇಬ್ಬರು, ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಸಾವಿರಾರು ಮನೆಗಳಲ್ಲಿ ಈ ಕೆಲಸ ನಡೆಯುತ್ತದೆ. ಗದ್ದಲದ ದಿನಗಳಲ್ಲಿ ಸಚಿವ ಪ್ರಿಯಾಂಕ್ ಖರ್ಗೆ ಇದನ್ನು ನೆನಪಿಸಿ, ಕರ್ನಾಟಕದ ಕುಶಲಕರ್ಮಿಗಳ ಹೆಸರೂ ಬರಬೇಕೆಂದು ಬರೆದರು. ಅವರು ಬರೆದದ್ದು ಸರಿ.

ಆದರೆ ಈ ಕಾನೂನಿನ ಒಳಗೆ ಒಂದು ವಿಚಿತ್ರವಿದೆ. ಭೌಗೋಳಿಕ ಸೂಚಿ ಕಾಪಾಡುವುದು ಹೆಸರನ್ನು, ಆಕಾರವನ್ನಲ್ಲ. ಈ ಎಂಟು ಜಿಲ್ಲೆಗಳಲ್ಲಿ ಮಾಡದ ಚಪ್ಪಲಿಗೆ ಯಾರಾದರೂ 'ಕೊಲ್ಲಾಪುರಿ' ಎಂದು ಹೆಸರಿಟ್ಟು ಇಲ್ಲಿ ಮಾರಿದರೆ ಅದು ಅಪರಾಧ. ಅದೇ ಚಪ್ಪಲಿಯನ್ನು ಅದೇ ಆಕಾರದಲ್ಲಿ ಮಾಡಿ ಹೆಸರೇ ಹೇಳದಿದ್ದರೆ? ಆಗ ಕಾನೂನಿಗೆ ಮಾತಿಲ್ಲ. ಮೇಲಾಗಿ ನಮ್ಮ ದೇಶದ ನೋಂದಣಿ ಇಟಲಿಯಲ್ಲಿ ತಾನಾಗಿ ನಡೆಯದು. ಅಂದರೆ ಪ್ರಾಡಾ ಋಣ ಒಪ್ಪಿಕೊಂಡು ಹೆಸರು ಹೇಳಿದ್ದರೆ ತೊಡಕಿಗೆ ಸಿಕ್ಕಬಹುದಿತ್ತು. ಹೆಸರು ನುಂಗಿದ್ದರಿಂದ ಕಾನೂನಿನ ಕಣ್ಣಲ್ಲಿ ಶುದ್ಧವಾಗಿ ಉಳಿಯಿತು. ಕೃತಘ್ನತೆಗೆ ರಕ್ಷಣೆ ಕೊಡುವ ಕಾನೂನು ಇದು ಎನ್ನಬೇಕೇನೋ.

ಫ್ಯಾಶನ್ ಎಂದರೆ ಎರವಲೇ ಅಲ್ಲವೇ ಎಂದು ಕೆಲವರು ಕೇಳಿದರು. ನಾನೂ ಒಪ್ಪುತ್ತೇನೆ. ನಾವು ಹಾಕುವ ಪ್ಯಾಂಟು ಎಲ್ಲಿಯದು, ಪೈಜಾಮ ಎಲ್ಲಿಂದ ಎಲ್ಲಿಗೆ ಹೋಯಿತು? ಇದೇ ಕೊಲ್ಲಾಪುರಿ 1970ರ ದಶಕದಲ್ಲಿ ಹಿಪ್ಪಿಗಳ ಕಾಲೇರಿ ಯುರೋಪು ಅಮೆರಿಕ ಸುತ್ತಿ ಬಂದಿತ್ತು. ಆಗ ಯಾರೂ ಜಗಳ ತೆಗೆಯಲಿಲ್ಲ, ಏಕೆಂದರೆ ಅವರು ಅದನ್ನು ಹೆಸರು ಹಿಡಿದೇ ಕೇಳಿ ಕೊಂಡರು. ಎರವಲು ತಂದವರು ಯಾರ ಮನೆಯಿಂದ ತಂದೆವೆಂದು ಹೇಳಬೇಕು. ನಮ್ಮೂರಲ್ಲಿ ಮೊರ, ಒನಕೆ ಎರವಲು ತರುವ ಹೆಂಗಸರಿಗೂ ಗೊತ್ತಿರುವ ನಡತೆ ಇದು.

ಮಿಯುಚಾಗೆ ಇದು ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಆಕೆಯ ವೃತ್ತಿಯಲ್ಲಿ ಹೆಚ್ಚಿನವರು ಮರೆತ ಒಂದು ಅಧ್ಯಾಯವಿದೆ. 2010ರಲ್ಲಿ ಪ್ರಾಡಾ ಕಂಪೆನಿಯೇ ತನ್ನ ಕೆಲವು ವಸ್ತುಗಳ ಮೇಲೆ ಅವು ತಯಾರಾದ ದೇಶದ ಹೆಸರನ್ನು ಹೆಮ್ಮೆಯಿಂದ ಅಚ್ಚುಹಾಕಿತ್ತು. ಸ್ಕಾಟ್ಲೆಂಡಿನ ಚೌಕುಳಿ ಉಣ್ಣೆ, ಪೆರುವಿನ ಅಲ್ಪಾಕಾ ಹೆಣಿಗೆ, ಜಪಾನಿನ ಡೆನಿಮ್, ಭಾರತದ ಚಿಕನ್ ಕಸೂತಿ. ಇಟಲಿಯಲ್ಲಿ ಮಾಡಿದ್ದೇ ಶ್ರೇಷ್ಠ ಎಂದು ನಂಬಿದ ಮಾರುಕಟ್ಟೆಯಲ್ಲಿ 'ಭಾರತದಲ್ಲಿ ತಯಾರಾದದ್ದು' ಎಂದು ಪ್ರಾಡಾ ಹೆಸರಿನ ಕೆಳಗೆ ಬರೆದದ್ದು ಸಣ್ಣ ಮಾತಲ್ಲ. ಚಿಕನ್ ಕಸೂತಿಯ ಊರು ಲಖನೌ. ಅದರ ಸೂಜಿ ಹಿಡಿದವರಲ್ಲಿ ಬಹುಪಾಲು ಬಡ ಮುಸ್ಲಿಂ ಹೆಂಗಸರು, ತುಂಡು ಲೆಕ್ಕದಲ್ಲಿ ದಲ್ಲಾಳಿಗಳ ಕೈಯಿಂದ ಕೂಲಿ ಪಡೆಯುವವರು. ಅವರ ಹೆಸರು ಆ ಚೀಟಿಯಲ್ಲಿ ಇರಲಿಲ್ಲ, ದೇಶದ ಹೆಸರಾದರೂ ಇತ್ತು. ಹದಿನೈದು ವರ್ಷದ ನಂತರ ಅಷ್ಟೂ ಇಲ್ಲದಾಯಿತು. ಒಬ್ಬ ಕಲಾವಿದೆಯ ಹೊಸ ಕೆಲಸವನ್ನು ಅಳೆಯಲು ಬೇರೆಯವರ ಗಜಕಡ್ಡಿ ಏಕೆ ಬೇಕು? ಆಕೆಯದೇ ಹಳೆಯ ಕೆಲಸ ಸಾಕು.

ಇಲ್ಲಿ ಇನ್ನೊಬ್ಬ ವಿನ್ಯಾಸಕನ ನೆನಪಾಗುತ್ತದೆ. ಅಜ್ಜೆದಿನ್ ಅಲಾಯಿಯಾ, ಟ್ಯುನೀಷಿಯಾದ ರೈತ ಕುಟುಂಬದಿಂದ ಪ್ಯಾರಿಸಿಗೆ ಹೋದವರು. ತಾವೇ ಬಟ್ಟೆ ಕತ್ತರಿಸಿ, ತಾವೇ ಹೊಲಿದು, ಫ್ಯಾಶನ್ ವಾರಗಳ ವೇಳಾಪಟ್ಟಿಗೆ ತಲೆಬಾಗದೆ, ಕೆಲಸ ಮುಗಿದಾಗ ಮಾತ್ರ ತೋರಿಸುತ್ತಿದ್ದರು. 2017ರಲ್ಲಿ ತೀರಿಕೊಂಡರು. 2000ದಲ್ಲಿ ಇದೇ ಪ್ರಾಡಾ ಅವರ ಮಳಿಗೆಯಲ್ಲಿ ಪಾಲು ಕೊಂಡಿತ್ತು. 2007ರಲ್ಲಿ ಅಲಾಯಿಯಾ ಅದನ್ನು ಬಿಡಿಸಿಕೊಂಡರು. ಸೂಜಿ ಹಿಡಿಯುವ ವಿನ್ಯಾಸಕನಿಗೂ ಕಲ್ಪನೆ ಮಾತ್ರ ಮಾಡುವ ವಿನ್ಯಾಸಕಿಗೂ ಇರುವ ಅಂತರವನ್ನು ಆ ಏಳು ವರ್ಷಗಳ ಸಂಬಂಧ ಹೇಳುತ್ತದೆ ಎಂದರೆ ಅತಿಯಾದೀತು. ಆದರೆ ಕೈ ಯಾರದೆಂಬ ಪ್ರಶ್ನೆ ಅಲಾಯಿಯಾನ ಬಟ್ಟೆ ನೋಡಿದಾಗ ಏಳುವುದಿಲ್ಲ. ಪ್ರಾಡಾದ ಚಪ್ಪಲಿ ನೋಡಿದಾಗ ಅದೇ ಮೊದಲು ಏಳುತ್ತದೆ.

ಇದು ಪೂರ್ವ, ಪಶ್ಚಿಮದ ಜಗಳ ಮಾತ್ರ ಎಂದುಕೊಳ್ಳಬಾರದು. 2024ರಲ್ಲಿ ಮಿಲಾನಿನ ನ್ಯಾಯಾಲಯ ಅರ್ಮಾನಿ ಮತ್ತು ಡಿಯೋರ್ ಎಂಬ ಎರಡು ದೊಡ್ಡ ಹೆಸರುಗಳಿಗೆ ಸೇರಿದ ಘಟಕಗಳ ಮೇಲೆ ನಿಗಾ ಇಡಲು ಆಡಳಿತಾಧಿಕಾರಿಗಳನ್ನು ನೇಮಿಸಿತು. ಮಿಲಾನಿನ ಸುತ್ತಮುತ್ತಲೇ ಉಪಗುತ್ತಿಗೆಯ ಕಾರ್ಖಾನೆಗಳಲ್ಲಿ ವಲಸೆ ಕೂಲಿಗಳು ಯಂತ್ರದ ಪಕ್ಕದಲ್ಲೇ ಮಲಗಿ ದುಡಿಯುತ್ತಿದ್ದುದು ತನಿಖೆಯಲ್ಲಿ ಗೊತ್ತಾಯಿತು. ಅಂಗಡಿಯಲ್ಲಿ 2,600 ಯೂರೊಗೆ ಮಾರುವ ಡಿಯೋರ್ ಚೀಲಕ್ಕೆ ಮಾಡಿಕೊಟ್ಟವನಿಗೆ ಸಂದದ್ದು, ಚರ್ಮದ ಬೆಲೆ ಬಿಟ್ಟು, 53 ಯೂರೊ. ಹುಣಸೂರಿನ ತಾತ ಕೇಳಿದ ಪ್ರಶ್ನೆಯನ್ನು ಇಟಲಿಯ ನ್ಯಾಯಾಧೀಶರೂ ಕೇಳಿದ್ದರು.

ನಮ್ಮ ಸೀಮೆಯ ಮಾತಿಗೆ ಬರೋಣ. ಹುಣಸೂರಿಗೂ ತೊಗಲಿಗೂ ಏನು ಸಂಬಂಧ ಎಂದು ಈಗಿನ ಹುಡುಗರು ಕೇಳಬಹುದು. ಅವರಿಗೆ ಹುಣಸೂರೆಂದರೆ ತಂಬಾಕು ಮತ್ತು ನಾಗರಹೊಳೆಯ ದಾರಿ. 19ನೇ ಶತಮಾನದಲ್ಲಿ ಲಕ್ಷ್ಮಣತೀರ್ಥದ ದಡದ ಈ ಊರು ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿತ್ತು. ಕಂಪೆನಿ ಸರ್ಕಾರದ ಸೈನ್ಯಕ್ಕೆಂದು ಇಲ್ಲಿ ದೊಡ್ಡ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಗಾಡಿ ಮಾಡುವ ಮರದ ಕಾರ್ಖಾನೆ ನಡೆದವು. ಸಿಪಾಯಿಗಳ ಬೂಟು, ಬೆನ್ನುಚೀಲಗಳು ಇಲ್ಲಿಂದ ಹೋಗುತ್ತಿದ್ದವು. ಪ್ರಾಡಾಗಿಂತ ನೂರು ವರ್ಷಕ್ಕೂ ಮೊದಲೇ ಹುಣಸೂರಿನಲ್ಲಿ ಸೈನ್ಯದ ಬೆನ್ನುಚೀಲ ಹೊಲಿದರು, ನೋಡಿ! 1864ರಲ್ಲಿ ಸರ್ಕಾರ ಆ ಕಾರ್ಖಾನೆಗಳನ್ನು ಮುಚ್ಚಿತು. ಅಲ್ಲಿ ಕೆಲಸ ಕಲಿತವರು ಊರಲ್ಲಿ ಉಳಿದು ಬೂಟು, ಗಾಡಿ ಮಾಡುತ್ತಲೇ ಇದ್ದರು ಎಂದು ಹಳೆಯ ಗೆಜೆಟಿಯರ್ ಹೊಗಳಿ ಬರೆಯುತ್ತದೆ. ಕಾರ್ಖಾನೆ ನಡೆಸಿದ ಅಧಿಕಾರಿಗಳ ನೆನಪನ್ನು ದಾಖಲೆ ಇಟ್ಟುಕೊಂಡಿದೆ. ಹದ ಮಾಡಿದವರು, ತಂಗಡಿ ತೊಗಟೆ ತಂದುಕೊಟ್ಟವರು, ಹೊಲಿದವರು 'ಕುಶಲ ಕೆಲಸಗಾರರು' ಎಂಬ ಒಂದು ಮಾತಿನಲ್ಲಿ ಮುಗಿದುಹೋದರು. ಅದನ್ನು ಬರೆದದ್ದು ಇಟಲಿಯವರಲ್ಲ.

'ಕೊಲ್ಲಾಪುರಿ' ಎಂಬ ಹೆಸರೂ ಹಾಗೆಯೇ. ಅಥಣಿಯಲ್ಲಿ ಮಾಡಿದ ಚಪ್ಪಲಿ ಮಾರಾಟವಾದದ್ದು ಕೊಲ್ಲಾಪುರದ ಪೇಟೆಯಲ್ಲಿ. ಮಾರಿದ ಊರಿನ ಹೆಸರು ನಿಂತಿತು, ಮಾಡಿದ ಊರಿನ ಹೆಸರು ಬಿದ್ದಿತು. ಕೊಂಡು ಮಾರುವವನಿಗೆ ಹಲಗೆ ಸಿಗುತ್ತದೆ, ಹೊಲಿಯುವವನಿಗೆ ಸಿಗುವುದಿಲ್ಲ. ಪ್ರಾಡಾ ಇದೇ ಹಳೆಯ ರೂಢಿಯನ್ನು ಇನ್ನಷ್ಟು ದೂರ ಕೊಂಡೊಯ್ದರು ಅಷ್ಟೆ. ಕೊಲ್ಲಾಪುರದಲ್ಲಿ ನಿಂತು ಪ್ರಾಡಾ ವಿರುದ್ಧ ಕೂಗಿದವರಲ್ಲಿ ಎಷ್ಟು ಜನ ಅಥಣಿಯ ಹೆಸರು ಎತ್ತಿದರು? ಬೆಂಗಳೂರಿನಲ್ಲಿ ಸಂಸ್ಕೃತಿಯ ಅಪಹರಣ ಎಂದು ಬರೆದವರಲ್ಲಿ ಎಷ್ಟು ಜನ 'ಸಮಗಾರ', 'ಢೋರ', 'ಮಾದಿಗ' ಎಂಬ ಪದಗಳನ್ನು ಬಳಸಿದರು? 'ನಮ್ಮ ಕುಶಲಕರ್ಮಿಗಳು' ಎಂಬ ನಯವಾದ ಮಾತಿನ ಹಿಂದೆ ಜಾತಿ ಅಡಗಿ ಕುಳಿತಿತ್ತು. ಕೆಲಸ ನಮ್ಮ ಪರಂಪರೆ, ಕೆಲಸಗಾರ ಮಾತ್ರ ಅವರ ಕೇರಿಯವನು.

ಈ ಸರಪಳಿಯಲ್ಲಿ ಮುಸ್ಲಿಮರೂ ಇದ್ದಾರೆ. ತೊಗಲು ಸಂಗ್ರಹಿಸಿ ಉಪ್ಪು ಹಾಕಿ ಮಂಡಿಗೆ ಸಾಗಿಸುವವರು ನಮ್ಮವರು. ತಮಿಳುನಾಡಿನ ಆಂಬೂರು, ವಾಣಿಯಂಬಾಡಿಗಳಲ್ಲಿ ಮುಸ್ಲಿಂ ವ್ಯಾಪಾರಿ ಮನೆತನಗಳು ನಡೆಸುವ ಚರ್ಮದ ಕಾರ್ಖಾನೆಗಳಿಂದ ಜಗತ್ತಿನ ಹೆಸರಾಂತ ಬೂಟು ಕಂಪೆನಿಗಳಿಗೆ ಮಾಲು ಹೋಗುತ್ತದೆ. ದಲಿತನ ಕೈ, ಮುಸ್ಲಿಮನ ಮಂಡಿ ಇಲ್ಲದೆ ಈ ದೇಶದಲ್ಲಿ ಒಂದು ಜೊತೆ ಚಪ್ಪಲಿಯೂ ಆಗದು. 2015ರಲ್ಲಿ ಮಹಾರಾಷ್ಟ್ರ, 2020ರಲ್ಲಿ ಕರ್ನಾಟಕ ಗೋಹತ್ಯೆ ಕಾಯ್ದೆಗಳನ್ನು ಬಿಗಿ ಮಾಡಿದವು. ಕರ್ನಾಟಕದ ಕಾಯ್ದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ. ತೊಗಲು ಸಿಗುವುದು ಕಡಿಮೆಯಾಯಿತು, ಸಾಗಿಸುವವರಿಗೆ ದಾರಿಯಲ್ಲಿ ಭಯ ಹೆಚ್ಚಿತು, ಕಚ್ಚಾ ಮಾಲಿನ ಬೆಲೆ ಏರಿತು. ಚಪ್ಪಲಿಯನ್ನು ದೇಶದ ಹೆಮ್ಮೆ ಎಂದು ಕೊಂಡಾಡಿದ ಕೆಲವರೇ ತೊಗಲಿನ ಲಾರಿಯನ್ನು ತಡೆಯುವವರ ಬೆನ್ನಿಗೂ ಇದ್ದರು. ಚಪ್ಪಲಿ ಬೇಕು, ತೊಗಲು ಬೇಡ ಎಂದರೆ ಹೇಗೆ? ಮಿಯುಚಾ ಪ್ರಾಡಾಗೆ ಕೇಳಿದಷ್ಟೇ ಖಾರವಾಗಿ ಈ ಪ್ರಶ್ನೆಯನ್ನು ಇವರಿಗೂ ಕೇಳಬೇಕಾಗುತ್ತದೆ.

ಆಕೆ ಈಗ ಎಪ್ಪತ್ತೈದು ದಾಟಿದವರು. 2020ರಿಂದ ಬೆಲ್ಜಿಯಮ್ಮಿನ ರಾಫ್ ಸಿಮನ್ಸ್ ಜೊತೆ ಸೇರಿ ವಿನ್ಯಾಸದ ಕೆಲಸ ನಡೆಸಿದ್ದಾರೆ. ಕಂಪೆನಿ 2011ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆ ಸೇರಿತು. 2025ರಲ್ಲಿ 125 ಕೋಟಿ ಯೂರೊ ಕೊಟ್ಟು ವರ್ಸಾಚೆ ಎಂಬ ಇನ್ನೊಂದು ಹೆಸರನ್ನು ಕೊಂಡಿತು. ಹೆಸರಿಗೆ ಬೆಲೆ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದೇ ವರ್ಷದ ಡಿಸೆಂಬರಿನಲ್ಲಿ ಕತೆಗೆ ಹೊಸ ತಿರುವು ಸಿಕ್ಕಿತು. ಪ್ರಾಡಾ, ಲಿಡ್ಕಾಮ್, ಲಿಡ್ಕರ್ ಮೂವರೂ ಮುಂಬಯಿಯಲ್ಲಿ ಒಪ್ಪಂದಕ್ಕೆ ಸಹಿ ಮಾಡಿದರು. ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ 2,000 ಜೊತೆ ಚಪ್ಪಲಿ ತಯಾರಿಸುವುದು, ಕೊಲ್ಲಾಪುರಿಯಿಂದ ಪ್ರೇರಿತ ಎಂದು ಹೆಸರು ಹೇಳಿಯೇ ಮಾರುವುದು, 2026ರ ಫೆಬ್ರುವರಿಯಿಂದ ಜಗತ್ತಿನ 40 ಮಳಿಗೆಗಳಲ್ಲಿ ಇಡುವುದು ಎಂದು ಪ್ರಕಟಿಸಿದರು. ಬೆಲೆ ಸುಮಾರು 800 ಯೂರೊ, ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿಗೂ ಮೇಲೆ. ಮೂರು ವರ್ಷ ಕುಶಲಕರ್ಮಿಗಳಿಗೆ ತರಬೇತಿ, ಕೆಲವರಿಗೆ ಇಟಲಿಯ ಪ್ರಾಡಾ ಶಾಲೆಯಲ್ಲೇ ಕಲಿಯುವ ಅವಕಾಶ ಎಂಬ ಮಾತುಗಳೂ ಬಂದವು. ಜನರ ಕೂಗಿಗೆ ಇಷ್ಟು ದೊಡ್ಡ ಕಂಪೆನಿ ಆರು ತಿಂಗಳೊಳಗೆ ಬಾಗಿದ್ದು ಸಣ್ಣ ಗೆಲುವಲ್ಲ. ಲಿಡ್ಕರ್ ಹೆಸರು ಆ ಒಪ್ಪಂದದಲ್ಲಿ ಸಮಪಾಲಿನಲ್ಲಿ ಬಂದದ್ದು ಅದಕ್ಕಿಂತ ದೊಡ್ಡದು. ತರಬೇತಿಯ ಮಾತು ಮಾತ್ರ ನನಗೆ ಸ್ವಲ್ಪ ತಮಾಷೆಯಾಗಿ ಕಂಡಿತು. ಯಾರು ಯಾರಿಗೆ ಕಲಿಸಬೇಕು?

ಆದರೂ ಲಿಡ್ಕರ್ ಈ ಒಪ್ಪಂದದಲ್ಲಿ ಕೇಳಬೇಕಾದ ಮೂರು ಮಾತು ಉಳಿದಿದೆ. 80 ಸಾವಿರದಲ್ಲಿ ಹೊಲಿದವರ ಮನೆಗೆ ಎಷ್ಟು ಸೇರಿತೆಂಬ ಲೆಕ್ಕವನ್ನು ಬಹಿರಂಗ ಮಾಡಬೇಕು. ಜಡೆ ಹೆಣೆದ ಹೆಂಗಸಿಗೆ ಗಂಡಸಿನ ಕೂಲಿಯೇ ಸಿಗಬೇಕು, ಅವಳ ಕೈಗೇ ಸಿಗಬೇಕು. ಮತ್ತು ಪ್ರತಿ ಜೊತೆಯ ಜೊತೆಗಿಡುವ ಚೀಟಿಯಲ್ಲಿ ಅಥಣಿಯೋ ನಿಪ್ಪಾಣಿಯೋ, ಊರಿನ ಹೆಸರಿನ ಪಕ್ಕದಲ್ಲಿ ಮಾಡಿದವರ ಹೆಸರೂ ಇರಬೇಕು. ಇದು ಅಸಾಧ್ಯದ ಕೋರಿಕೆಯಲ್ಲ. ಹೆಸರಿಗಾಗಿ ದತ್ತು ಹೋದ ವಿನ್ಯಾಸಕಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಒಪ್ಪಂದದ ಸುದ್ದಿ ಬಂದ ವಾರ ಮತ್ತೆ ಹುಣಸೂರಿನ ತಾತನ ಬಳಿ ಹೋಗಿದ್ದೆ. ತಾವು ಹೊಸದಾಗಿ ಮಾಡಿಕೊಟ್ಟ ಪ್ರತಿ ಜೋಡಿಯ ಹಿಮ್ಮಡಿಯ ಕೆಳಗೆ ರಂಪಿಗೆಯಿಂದ ಎರಡು ಗೆರೆ ಎಳೆದಿರುತ್ತೇನೆಂದು ಆ ದಿನ ಹೇಳಿದರು. ರಿಪೇರಿಗೆ ಬಂದಾಗ ತಮ್ಮದೇ ಎಂದು ಗೊತ್ತಾಗಲಿ ಅಂತ. 80 ಸಾವಿರದ ವಿಷಯ ತಿಳಿಸಿದೆ. ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು. ಲಿಡ್ಕರ್‌ನವರು ಹೇಳಿದ ಮೇಲೆ ತಿಳಿಸುತ್ತೇನೆ ತಾತ ಎಂದೆ.